ಚಕ್ರ ಕಂಡ ಮೇಲೆ ಸದ್ದಿಲ್ಲ

ಪ್ರತಿ ತಿಂಗಳ ಮೊದಲ ತಾರೀಖು ನನ್ನ ದರ್ಬಾರಿನ ದಿನ. ಹುಬ್ಬಳ್ಳಿ ವಿಮಾನ ನಿಲ್ದಾಣದಲ್ಲಿ ಹಿಂದಿನ ತಿಂಗಳು ಎಷ್ಟು ಮಂದಿ ವಿಮಾನ ಹತ್ತಿದರು, ಎಷ್ಟು ಮಂದಿ ಇಳಿದರು, ಹೋದ ವರ್ಷದ ಇದೇ ತಿಂಗಳಿಗಿಂತ ಎಷ್ಟು ಏರಿತು ಎಂದು ಕೂಡಿಸಿ ಬರೆಯುವ ಗುಮಾಸ್ತ ನಾನು. ಹೆಸರು ಶಿವಯೋಗೀಶ. ಆ ದಿನ ಎಲ್ಲರೂ ನನ್ನ ಟೇಬಲ್ಲಿನ ಸುತ್ತ ನಿಲ್ಲುತ್ತಾರೆ. ಏರಿದೆ ಎಂದರೆ ಕೈ ಕುಲುಕುತ್ತಾರೆ, ನಾನೇ ಮನೆಮನೆಗೆ ಹೋಗಿ ಜನರನ್ನು ಎಬ್ಬಿಸಿ ತಂದು ವಿಮಾನದಲ್ಲಿ ಕೂರಿಸಿದವನ ಹಾಗೆ. ನಾನೂ ಹಲ್ಲು ಕಿಸಿಯುತ್ತಿದ್ದೆ. ಈಗ ಅದನ್ನು ನೆನೆದರೆ ನನ್ನ ಕಪಾಳಕ್ಕೆ ನಾನೇ ಎರಡು ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಒಬ್ಬ ಮಾತ್ರ ಎಂದೂ ಕೈ ಕುಲುಕಲಿಲ್ಲ. ಎಲ್ಲರೂ ಹೋದ ಮೇಲೆ ಬಾಗಿಲ ಹತ್ತಿರ ಬಂದು ನಿಲ್ಲುತ್ತಿದ್ದ. ಖಾಕಿ ಅಂಗಿ, ತಲೆಗೆ ಸುತ್ತಿದ ಟವೆಲು, ಮೆಹಂದಿ ಹಚ್ಚಿ ಕೆಂಪಾದ ಗಡ್ಡ. ಎಡಗಿವಿಯನ್ನು ನನ್ನ ಕಡೆ ತಿರುಗಿಸಿ ಕೇಳುತ್ತಿದ್ದ.

"ಮಂದಿ ಎಷ್ಟರೆ ಆಗ್ಲಿ ಬಿಡ್ರಿ ಸಾಹೇಬ್ರ. ಎರಡು ವಿಮಾನದ ನಡುವ ಎಷ್ಟ ಹೊತ್ತು ಖಾಲಿ ಐತಿ, ಅದನ್ನ ಹೇಳ್ರಿ."

ಅವನೇ ಮಕಬೂಲಸಾಬ. ನಮ್ಮ ರನ್‌ವೇಯಿಂದ ಹಕ್ಕಿ ಓಡಿಸುವವನು. ಕೆಲಸ ಗುತ್ತಿಗೆಯದು, ಪಾಳಿಗೆ ಒಬ್ಬನೇ ಆಳು. ಹಗಲಿನ ಪಾಳಿ ಅವನದು. ಹನ್ನೊಂದು ವರ್ಷ ಅವನ ಪಾಳಿಯಲ್ಲಿ ಒಂದೇ ಒಂದು ಹಕ್ಕಿ ಯಾವ ವಿಮಾನಕ್ಕೂ ತಾಗಿರಲಿಲ್ಲ. ಇದನ್ನು ನಾನು ಅಭಿಮಾನಕ್ಕೆ ಹೇಳುತ್ತಿಲ್ಲ, ದಾಖಲೆ ನೋಡಿ ಹೇಳುತ್ತಿದ್ದೇನೆ. ಅವನಿಗೆ ಇದ್ದ ಹೆಸರು ಅದೊಂದೇ. ಆ ಹೆಸರು ಹೇಗೆ ಹೋಯಿತು ಎಂದು ಹೇಳಬೇಕಾದವನು ನಾನು, ಯಾಕೆಂದರೆ ನನ್ನನ್ನು ಬಿಟ್ಟರೆ ಅದು ಪೂರ್ತಿ ಗೊತ್ತಿರುವುದು ಅವನಿಗೆ ಮಾತ್ರ, ಮತ್ತು ಅವನು ಬಾಯಿ ಬಿಡುವ ಪೈಕಿ ಅಲ್ಲ.

ಮಕಬೂಲಸಾಬನದು ಹಳೇ ಹುಬ್ಬಳ್ಳಿಯಲ್ಲಿ ಮದ್ದು ಸುಡುವ ಮನೆತನ. ಉರುಸಿಗೆ, ಮದುವೆಗೆ, ಮಠದ ಪಲ್ಲಕ್ಕಿಗೆ ಆಕಾಶಬಾಣ, ಗರ್ನಾಲು ಮಾಡಿಕೊಡುತ್ತಿದ್ದವರು. ಕಾರ್ಖಾನೆಯ ಪಟಾಕಿ ಪೆಟ್ಟಿಗೆಯಲ್ಲಿ ಅಂಗಡಿಗೆ ಬರಲು ಶುರುವಾದ ಮೇಲೆ ಆ ಕಸಬು ನಿಂತಿತು. ಮದ್ದಿನ ಸದ್ದಿನಲ್ಲೇ ಅವನ ಬಲಗಿವಿಯೂ ಹೋಯಿತು. ವಿಮಾನ ನಿಲ್ದಾಣದಲ್ಲಿ ಹಕ್ಕಿ ಓಡಿಸಲು ಪಟಾಕಿ ಹಾರಿಸಬಲ್ಲವರು ಬೇಕು ಎಂದಾಗ ಯಾರೋ ಅವನನ್ನು ಕರೆತಂದರು. ಬಂದ ಮೊದಲ ದಿನವೇ ಪಟಾಕಿ ಹಾರಿಸುವ ಪಿಸ್ತೂಲನ್ನು ಕೈಯಲ್ಲಿ ಹಿಡಿದು ಹೊರಳಿಸಿ ನೋಡಿ, "ಇದು ಆಟಿಗಿ ಸಾಮಾನ ಐತಲ್ರಿ" ಎಂದು ನಕ್ಕನಂತೆ.

ಆದರೆ ಅವನ ಜಾಣತನ ಇದ್ದದ್ದು ಪಟಾಕಿ ಹಾರಿಸುವುದರಲ್ಲಿ ಅಲ್ಲ, ಹಾರಿಸದೆ ಇರುವುದರಲ್ಲಿ. ಇದನ್ನು ಅವನು ನನಗೆ ನೂರು ಸಲ ಹೇಳಿದ್ದಾನೆ. ಚಹಾ ಕುಡಿಯುವಾಗ ಹೇಳಿದ್ದಾನೆ, ಮಳೆಗೆ ಜೀಪಿನೊಳಗೆ ಕೂತಾಗ ಹೇಳಿದ್ದಾನೆ.

"ನೋಡ್ರಿ ಸಾಹೇಬ್ರ, ಹಕ್ಕಿ ಕೂತಿದ್ರ ಅದರಿಂದ ಯಾರಿಗೂ ತ್ರಾಸಿಲ್ಲ. ಎದ್ದ ಹಕ್ಕಿನ ಕೆಟ್ಟದ್ದು. ವಿಮಾನ ದೂರ ಇದ್ದಾಗ ಎಬ್ಬಸ್ರಿ, ಹೊಡೀರಿ, ಹತ್ತ ಹೊಲ ದಾಟಸ್ರಿ. ಆದ್ರ ಒಮ್ಮೆ ವಿಮಾನದ ಹೊಟ್ಟಿ ಕೆಳಗ ಚಕ್ರ ಕಂಡ್ವು ಅಂದ್ರ ಮುಗೀತು, ಕೈ ಕಟ್ಟಿ ನಿಲ್ಲಬೇಕು. ಕೆಮ್ಮಬಾರದು. ಚಕ್ರ ಕಂಡ ಮ್ಯಾಲ ಸದ್ದಿಲ್ಲ."

"ಹೌದು ಕಾಕಾ, ಗೊತ್ತಾತು" ಎನ್ನುತ್ತಿದ್ದೆ ನಾನು, ಬೇಸರದಿಂದ. ಗೊತ್ತಾಗಿತ್ತು ಖರೆ. ಗೊತ್ತಿದ್ದೂ ಮಾಡಿದೆ ಎನ್ನುವುದೇ ನನ್ನ ಪಾಡು.

ಅವನು ಕೆಲಸಕ್ಕೆ ಬಂದಾಗ ದಿನಕ್ಕೆ ಬೆಳಿಗ್ಗೆ ಒಂದು, ಸಂಜೆ ಒಂದು ವಿಮಾನ. ಅದೂ ರೆಕ್ಕೆಗೆ ಪಂಖ ಇದ್ದ ಸಣ್ಣವು, ಅರ್ಧ ಸೀಟು ಖಾಲಿ. ಹತ್ತಿ ವ್ಯಾಪಾರದವರು, ಗುತ್ತಿಗೆದಾರರು, ಎಲೆಕ್ಷನ್ ಬಂದರೆ ಮಂತ್ರಿಗಳು, ಅಷ್ಟೇ. ನಡುವೆ ಎಂಟು ತಾಸು ಆಕಾಶ ಹಕ್ಕಿಗಳದು. ಆಮೇಲೆ ವಿಮಾನ ಹೆಚ್ಚಾದವು. ಕೊರೊನಾ ಬಂದು ಎಲ್ಲ ನಿಂತಾಗ ಟಿಟ್ಟಿಭ ಹಕ್ಕಿಗಳು ರನ್‌ವೇ ಪಕ್ಕದಲ್ಲೇ ಮೊಟ್ಟೆ ಇಟ್ಟಿದ್ದವು. ಮಕಬೂಲಸಾಬ ದಿನಾ ಹೋಗಿ ನೋಡಿ ಬರುತ್ತಿದ್ದ, ಒಂದು ಮೊಟ್ಟೆಯನ್ನೂ ಮುಟ್ಟಲಿಲ್ಲ. ಮತ್ತೆ ತೆರೆದ ಮೇಲಂತೂ ಕೇಳಬೇಡಿ. ದೊಡ್ಡ ವಿಮಾನ ಬಂದವು, ನೂರೆಂಬತ್ತು ಸೀಟಿನವು, ತುಂಬಿಕೊಂಡು. ಕಟಕ ರೊಟ್ಟಿಯ ಗಂಟು ಬಗಲಲ್ಲಿಟ್ಟುಕೊಂಡ ಅಜ್ಜಿಯರು, ಫೇಡೆ ಡಬ್ಬಿಗಳ ಸಮೇತ ಬೀಗರ ದಂಡು, ಉಮ್ರಾಕ್ಕೆ ಹೊರಟ ಬಿಳಿ ಬಟ್ಟೆಯ ಹಿರಿಯರು, ಪರೀಕ್ಷೆಗೆ ಹೋಗುವ ಹುಡುಗಿಯರು. ಬೆಲೂರ ಕೈಗಾರಿಕಾ ಪ್ರದೇಶದ ಕಾರ್ಖಾನೆಯವರು ಬೆಳಿಗ್ಗೆ ಮುಂಬೈಗೆ ಹೋಗಿ ಸಂಜೆ ಊಟಕ್ಕೆ ಮನೆಗೆ ಬರುತ್ತಿದ್ದರು. ನನ್ನ ಕಾಗದದಲ್ಲಿ ಗೆರೆ ಏರುತ್ತ ಹೋಯಿತು. ಅದೇ ಗೆರೆಯನ್ನು ಮಕಬೂಲಸಾಬ ತಿರುಗಿಸಿ ಓದುತ್ತಿದ್ದ. ಎಂಟು ತಾಸಿದ್ದ ಖಾಲಿ ಹೊತ್ತು ನಾಲ್ಕಾಯಿತು, ಎರಡಾಯಿತು, ಕೆಲವು ದಿನ ನಲವತ್ತು ನಿಮಿಷಕ್ಕೆ ಇಳಿಯಿತು.

"ಹದ್ದಿಗೆ ಉಣ್ಣಾಕ ಹೊತ್ತ ಉಳೀಲಿಲ್ಲರಿ" ಎಂದ ಒಮ್ಮೆ. "ಹಸದದ್ದು ಹೆದರೋದಿಲ್ಲ. ನನ್ನ ಸೈರನ್ ಕೇಳಿದ್ರ ಈಗ ತಿರುಗಿ ನನ್ನ ಮಾರಿ ನೋಡ್ತಾವು."

ನಾನು ನಕ್ಕೆ. ಅವನು ನಗಲಿಲ್ಲ.

ನಮ್ಮ ನಿಲ್ದಾಣದ ಗೋಡೆಯಾಚೆ, ವಿಮಾನ ಇಳಿಯುವ ತುದಿಗೆ ಸರಿಯಾಗಿ, ಕುಬೇರಪ್ಪ ಗೌಡರ ಹೊಲ. ಕರಿಮಣ್ಣು, ಹಿಂಗಾರಿ ಜೋಳ, ಕಡಲೆ, ಅಂಚಿಗೆ ಕುಸುಬೆ. ಗೌಡರು ಎಪ್ಪತ್ತರ ಮನುಷ್ಯ, ಮೂಗಿನ ತುದಿಯಲ್ಲೇ ಸಿಟ್ಟು. ಅವರ ಹೆಂಡತಿ ಶರಣವ್ವ. ಎಳ್ಳಮಾವಾಸ್ಯೆ ಬಂತೆಂದರೆ ಇಡೀ ಮನೆತನ ಹೊಲಕ್ಕೆ ಹೋಗುತ್ತದೆ. ಬನ್ನಿ ಗಿಡದ ಕೆಳಗೆ ಸುಣ್ಣ ಹಚ್ಚಿದ ಐದು ಕಲ್ಲು, ಅವೇ ಪಾಂಡವರು. ಪೂಜೆ ಮಾಡಿ, ಕಡಬು, ಸಜ್ಜೆ ರೊಟ್ಟಿ, ಪುಂಡಿಪಲ್ಯ, ಮೊಸರುಬುತ್ತಿ ಎಲ್ಲ ಕಲಸಿ ಬುಟ್ಟಿಗೆ ತುಂಬಿ, ಹೊಲದ ನಾಲ್ಕೂ ಮೂಲೆಗೆ "ಹುಲ್ಲುಲ್ಲಿಗೋ" ಎಂದು ಕೂಗುತ್ತ ಎರಚುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತೇವೆ. ಭೂಮಿತಾಯಿಗೆ ಉಣಿಸುವುದು. ಉಣ್ಣುವವರು ಯಾರು? ಹಕ್ಕಿಗಳೇ ತಾನೆ. ಸುತ್ತಲಿನ ಹದ್ದು, ಕಾಗೆ, ಬೆಳ್ಳಕ್ಕಿಗಳಿಗೆಲ್ಲ ಆ ದಿನ ಕುಬೇರಪ್ಪ ಗೌಡರ ಮನೆಯ ಊಟ.

ಈ ಚರಗವನ್ನು ನಿಲ್ಲಿಸಬೇಕಾದವನು ಮಕಬೂಲಸಾಬ. ಗೋಡೆಯ ಹತ್ತಿರ ಯಾರಾದರೂ ಅನ್ನ ಚೆಲ್ಲಿದರೆ ತಿಳಿಸು ಎಂದು ಅವನಿಗೆ ಹುಕುಂ ಇತ್ತು. ಅವನು ತಿಳಿಸಲಿಲ್ಲ. ಬದಲಿಗೆ ಮೊದಲನೇ ವರ್ಷವೇ ಗೌಡರ ಮನೆಗೆ ಹೋಗಿ ಒಂದು ಕರಾರು ಮಾಡಿಕೊಂಡು ಬಂದ. ನಾನು ವೇಳೆ ಹೇಳುತ್ತೇನೆ, ಆ ವೇಳೆಯಲ್ಲಿ ಮಾತ್ರ ಚೆಲ್ಲಿರಿ, ವಿಮಾನ ಬರುವುದರೊಳಗೆ ಹಕ್ಕಿ ಉಂಡು ಎದ್ದು ಹೋಗಿರುತ್ತವೆ. ಹಾಗೇ ನಡೆಯಿತು. ಪ್ರತಿ ಎಳ್ಳಮಾವಾಸ್ಯೆಗೆ ಅವನು ನನ್ನನ್ನು ಖಾಲಿ ಹೊತ್ತು ಕೇಳುತ್ತಿದ್ದ. ವೇಳಾಪಟ್ಟಿ ಇಂಗ್ಲಿಷಿನಲ್ಲಿರುತ್ತದೆ, ಅವನಿಗೆ ಓದಲು ಬಾರದು. ನಾನು ಓದಿ ಹೇಳುತ್ತಿದ್ದೆ, ಅವನು ಗೌಡರಿಗೆ ಹೇಳುತ್ತಿದ್ದ. ಪಟ್ಟಿ ಬದಲಾದರೆ ನಾನೇ ಹೋಗಿ ತಿಳಿಸಬೇಕು ಎನ್ನುವುದು ನಮ್ಮಿಬ್ಬರ ಒಪ್ಪಂದ. ಹತ್ತು ವರ್ಷ ಒಂದು ದಿನವೂ ತಪ್ಪಿರಲಿಲ್ಲ.

ಹೋದ ವರ್ಷ ಗುತ್ತಿಗೆ ಕಂಪನಿಗೆ ಹೊಸ ಮ್ಯಾನೇಜರ್ ಬಂದ. ಹೆಸರು ಅತುಲ, ಧಾರವಾಡದ ಮಾಳಮಡ್ಡಿಯವನು, ಒಳ್ಳೆಯ ಮಾತು, ಕೆಟ್ಟವನೇನಲ್ಲ. ಬಂದವನೇ ಗೋಡೆಯ ಸುತ್ತ ಬೋರ್ಡು ಹಾಕಿಸಿದ: ಅನ್ನ ಚೆಲ್ಲಿದವರ ಮೇಲೆ ಪೊಲೀಸ್ ಕೇಸು. ಬೋರ್ಡು ನೋಡಿ ಗೌಡರು ಬಡಿಗೆ ಹಿಡಿದುಕೊಂಡು ಗೇಟಿಗೇ ಬಂದರು.

"ನಮ್ಮಪ್ಪ, ನಮ್ಮಜ್ಜ ಚರಗ ಚೆಲ್ಲಿದ ಹೊಲ ಐತಿ ಇದು. ನಿಮ್ಮ ವಿಮಾನ ನಿನ್ನಿ ಬಂದದ್ದು. ಕೇಸ ಹಾಕ್ತೀರೇನು? ಹಾಕ್ರಿ ನೋಡೋಣು!"

ಮಕಬೂಲಸಾಬ ಅವರ ತೋಳು ಹಿಡಿದು ಆಚೆ ಕರೆದೊಯ್ದ. "ಗೌಡ್ರ, ನಾ ಇರೂತನಕ ನಿಮ್ಮ ಚರಗ ನಿಲ್ಲೋದಿಲ್ಲ. ಆದ್ರ ನಾ ಹೇಳಿದ ಹೊತ್ತಿಗೇ ಚೆಲ್ರಿ. ಇದೊಂದು ಮಾತು ನಡಸಿಕೊಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

"ನೀ ಹೇಳಿದ್ದ ಯಾವಾಗ ಮೀರೇನೋ ಮಕಬೂಲ" ಎಂದು ಗೌಡರು ಬಡಿಗೆ ಇಳಿಸಿದರು.

ಆ ಚಳಿಗಾಲ ಯಾಕೋ ಹದ್ದು ಹೆಚ್ಚಿದ್ದವು. ಅಥವಾ ಹೆಚ್ಚಿರಲಿಲ್ಲ, ಇದ್ದವಕ್ಕೆ ಹೋಗಲು ಬೇರೆ ಹೊತ್ತಿರಲಿಲ್ಲ. ಬೆಳಿಗ್ಗೆ ಮಂಜು ಕರಗುವ ಹೊತ್ತಿಗೆ ರನ್‌ವೇ ಮೇಲೆ ಚಕ್ರ ಹಾಕುತ್ತ ತಿರುಗುತ್ತಿದ್ದವು, ಒಂದರ ಮೇಲೊಂದು, ಸದ್ದಿಲ್ಲದೆ. ಮಕಬೂಲಸಾಬ ಊಟ ಬಿಟ್ಟ. ಅವನ ಹೆಂಡತಿ ಮಾಬೂಬಿ ಕಟ್ಟಿಕೊಟ್ಟ ಡಬ್ಬಿ ಹಾಗೇ ಮನೆಗೆ ವಾಪಸು ಹೋಗುತ್ತಿತ್ತು. ಒಂದು ದಿನ ಅವಳು ನನಗೇ ಫೋನು ಮಾಡಿದಳು.

"ಇವರಿಗೆ ಏನಾಗೇತ್ರಿ? ಹಾಸಿಗ್ಯಾಗ ಕೂತು ಮ್ಯಾಲ ನೋಡ್ತಾರ. ಮನಿ ಮಾಳಿಗಿ ನೋಡಿ ಹಕ್ಕಿ ಲೆಕ್ಕ ಮಾಡ್ತಾರ."

"ವಯಸ್ಸಾತಲ್ರಿ ಚಾಚಿ" ಎಂದೆ. ಎಂಥ ಮಾತು! ಆದರೆ ನನಗೂ ಆ ತಿಂಗಳು ಬೇರೆ ಯಾವುದರ ಮೇಲೂ ಗಮನವಿರಲಿಲ್ಲ. ಡಿಸೆಂಬರಿನ ಪ್ರಯಾಣಿಕರ ಸಂಖ್ಯೆ ಹಿಂದೆಂದೂ ಇಲ್ಲದಷ್ಟು ಏರುವುದು ಖಚಿತವಾಗಿತ್ತು. ಕ್ರಿಸ್ಮಸ್ ರಜೆ, ಮದುವೆಗಳು, ಗೋವಾದ ಗದ್ದಲ. ಟಿಕೆಟ್ ಸಿಗದೆ ಜನ ಜಗಳವಾಡುತ್ತಿದ್ದರು.

ಅಮಾವಾಸ್ಯೆಗೆ ಮೂರು ದಿನ ಮೊದಲು ಮಕಬೂಲಸಾಬ ಬಂದು ಬಾಗಿಲಲ್ಲಿ ನಿಂತ. ನಾನು ಪಟ್ಟಿ ನೋಡಿ ಹೇಳಿದೆ: ಹನ್ನೆರಡು ಹತ್ತಕ್ಕೆ ಒಂದು ಹೋಗುತ್ತದೆ, ಆಮೇಲೆ ಒಂದು ಐವತ್ತರ ತನಕ ಏನೂ ಇಲ್ಲ.

"ಒಂದು ತಾಸು ನಲವತ್ತು ನಿಮಿಷ" ಎಂದ. ಬೆರಳಲ್ಲಿ ಎಣಿಸಿ ನೋಡಿದ. "ಸಾಕು. ಬರೋಬ್ಬರಿ ಸಾಕು. ಖರೇ ಏನ್ರಿ ಸಾಹೇಬ್ರ?"

"ಖರೇ ಕಾಕಾ. ಏನರೆ ಬದಲಾದ್ರ ನಾನ ಬಂದು ಹೇಳ್ತೀನಲ್ಲ."

ಅಮಾವಾಸ್ಯೆಯ ಹಿಂದಿನ ಸಂಜೆ ಹೊಸ ಪಟ್ಟಿ ಬಂತು. ನೂಕುನುಗ್ಗಲು ನೋಡಿ ವಿಮಾನ ಕಂಪನಿಯೊಂದು ಒಂದು ದಿನದ ಮಟ್ಟಿಗೆ ಹೆಚ್ಚುವರಿ ವಿಮಾನ ಬಿಟ್ಟಿತ್ತು. ಇಳಿಯುವ ವೇಳೆ ಹನ್ನೆರಡು ಐವತ್ತೈದು. ನಾನು ಓದಿದೆ. ಓದಿ ಏನು ಮಾಡಿದೆ ಗೊತ್ತೇ? ಆ ನೂರೆಂಬತ್ತು ಮಂದಿಯನ್ನು ನನ್ನ ಮೊತ್ತಕ್ಕೆ ಕೂಡಿಸಿದೆ. ಕೂಡಿಸಿದ ಕೂಡಲೇ ನಾವು ಕಾಯುತ್ತಿದ್ದ ದಾಖಲೆ ಮುರಿಯಿತು. ಎದ್ದು ನಿಂತು ಎಲ್ಲರಿಗೂ ಕೂಗಿ ಹೇಳಿದೆ. ನಾಳೆಗೆ ಕೇಕು ತರಿಸೋಣ, ಫೋಟೋ ತೆಗೆಸೋಣ ಎಂದರು. ಕೇಕಿನ ಮೇಲೆ ಏನು ಬರೆಸುವುದು ಎಂಬ ಚರ್ಚೆಯಲ್ಲಿ ಸಂಜೆ ಕಳೆಯಿತು. ಮಕಬೂಲಸಾಬನ ಪಾಳಿ ಮುಗಿದು ಅವನು ಮನೆಗೆ ಹೋಗಿದ್ದ. ಬೆಳಿಗ್ಗೆ ಹೇಳಿದರಾಯಿತು ಎಂದುಕೊಂಡೆ. ಬೆಳಿಗ್ಗೆ ಮರೆತೆ.

ಮರೆತೆ. ಇಷ್ಟೇ. ಇದಕ್ಕೆ ಇನ್ನೇನು ಬಣ್ಣ ಬಳಿಯಲಿ?

ಮರುದಿನ ಹನ್ನೆರಡೂ ಮುಕ್ಕಾಲಿಗೆ ನಾವೆಲ್ಲ ಕೇಕಿನ ಮುಂದೆ ಸಾಲಾಗಿ ನಿಂತಿದ್ದೆವು. ಫೋಟೋ ತೆಗೆಯುವವನು ಟೇಬಲ್ಲಿನ ಕಾಗದ ಸರಿಸಿ ಎಂದ. ಸರಿಸಿದೆ. ಕೈಗೆ ಬಂದದ್ದು ಹೊಸ ಪಟ್ಟಿ. ಕಿಟಕಿಯಾಚೆ ನೋಡಿದೆ. ಗೌಡರ ಹೊಲದ ಮೇಲಿನ ಆಕಾಶದಲ್ಲಿ ಒಂದು ಹದ್ದೂ ಇರಲಿಲ್ಲ. ತಿಂಗಳಿಡೀ ತಿರುಗಿದವು ಈಗ ಒಂದೂ ಇಲ್ಲ ಎಂದರೆ ಎಲ್ಲವೂ ಕೆಳಗೆ ಕೂತಿವೆ ಎಂದರ್ಥ.

ಮಕಬೂಲಸಾಬನಿಗೆ ಫೋನು ಮಾಡಿದೆ. ರಿಂಗಾಯಿತು, ರಿಂಗಾಯಿತು, ಎತ್ತಲಿಲ್ಲ. ಅವನು ಫೋನಿಡುವ ಜೇಬು ಬಲಗಡೆ, ಕೇಳದ ಕಿವಿಯೂ ಬಲಗಡೆ. ವಿಮಾನಕ್ಕೆ ಸುದ್ದಿ ಮುಟ್ಟಿಸಬೇಕಾದವರ ಬಳಿಗೆ ಓಡಬೇಕಿತ್ತು ನಾನು. ಓಡಲಿಲ್ಲ. ಅಲ್ಲಿ ಹೋದರೆ ಮರೆತದ್ದನ್ನು ಹೇಳಬೇಕಾಗುತ್ತದಲ್ಲ! ಹೊರಗೆ ಓಡಿದೆ. ಹಕ್ಕಿ ಓಡಿಸುವ ಜೀಪು ಕೀಲಿಯೊಂದಿಗೆ ನಿಂತಿತ್ತು. ಪಟಾಕಿ ಪಿಸ್ತೂಲು ಅದರ ಪೆಟ್ಟಿಗೆಯಲ್ಲೇ ಇತ್ತು. ಮಕಬೂಲಸಾಬ ಎಂದಿನಂತೆ ಚರಗದ ಊಟಕ್ಕೆ ಗೌಡರ ಹೊಲಕ್ಕೆ ಹೋಗಿದ್ದ. ಗೋಡೆಯ ಪಕ್ಕದ ರಸ್ತೆಯಲ್ಲಿ ಜೀಪು ಓಡಿಸಿಕೊಂಡು ತುದಿಗೆ ಬಂದೆ. ಅಲ್ಲಿ ಗೋಡೆ ಗಿಡ್ಡ, ಮೇಲೆ ತಂತಿಯ ಜಾಳಿಗೆ. ಬಾನೆಟ್ಟಿನ ಮೇಲೆ ಹತ್ತಿ ಆಚೆ ನೋಡಿದೆ.

ಹೊಲ ಬೆಳ್ಳಗೆ ಕಂಡಿತು. ಬೆಳ್ಳಕ್ಕಿಗಳು, ನೂರಾರು. ಅವುಗಳ ನಡುವೆ ಕಂದು ಹದ್ದುಗಳು, ಕಾಗೆಗಳು, ತಲೆ ತಗ್ಗಿಸಿ ಉಣ್ಣುತ್ತಿದ್ದವು. ಬನ್ನಿ ಗಿಡದ ಕೆಳಗೆ ಗೌಡರ ಮನೆಯವರು ಹನ್ನೆರಡು ಹದಿನೈದು ಮಂದಿ ಕುಳಿತಿದ್ದರು. ಒಬ್ಬರೂ ಅಲುಗುತ್ತಿರಲಿಲ್ಲ. ಶರಣವ್ವನ ಮಡಿಲಲ್ಲಿ ಬುಟ್ಟಿ, ಎರಚಲು ಎತ್ತಿದ ಕೈ ಎತ್ತಿದ ಹಾಗೇ ಇತ್ತು. ಅವರ ಮುಂದೆ ಮಕಬೂಲಸಾಬ ಎರಡೂ ಅಂಗೈ ಚಾಚಿ ನಿಂತಿದ್ದ, ಸುಮ್ಮನಿರಿ, ಸುಮ್ಮನಿರಿ ಎನ್ನುವಂತೆ. ಅವನ ಮುಖ ಆಕಾಶದ ಕಡೆಗಿತ್ತು. ಅತ್ತ ನೋಡಿದೆ. ವಿಮಾನ ಇಳಿಯುತ್ತ ಬರುತ್ತಿತ್ತು. ಹೊಟ್ಟೆಯ ಕೆಳಗೆ ಚಕ್ರ ಕಾಣುತ್ತಿದ್ದವು.

ಅವನು ಎಲ್ಲವನ್ನೂ ಸಂಭಾಳಿಸಿದ್ದ. ನಾನು ಮಾಡಿದ ತಪ್ಪನ್ನು ಬರೀ ಎರಡು ಅಂಗೈಯಿಂದ ತಡೆದು ಹಿಡಿದಿದ್ದ. ಇನ್ನು ಅರ್ಧ ನಿಮಿಷ ಎಲ್ಲರೂ ಕಲ್ಲಿನಂತೆ ಕೂತಿದ್ದರೆ ವಿಮಾನ ತಲೆಯ ಮೇಲೆ ಹಾದು ಹೋಗುತ್ತಿತ್ತು, ಹಕ್ಕಿಗಳು ಉಣ್ಣುತ್ತಲೇ ಇರುತ್ತಿದ್ದವು.

ನಾನು ಹಾರಿಸಿದೆ.

ಯಾಕೆ ಎಂದು ಕೇಳಬೇಡಿ. ಕೈಯಲ್ಲಿ ಪಿಸ್ತೂಲಿತ್ತು, ಎದುರಿಗೆ ಅಷ್ಟು ಹಕ್ಕಿ ಇದ್ದವು, ಏನಾದರೂ ಮಾಡಬೇಕು ಎಂದು ಜೀವ ಕುದಿಯುತ್ತಿತ್ತು. ನೂರು ಸಲ ಕೇಳಿದ ಮಾತು ಆ ಗಳಿಗೆಯಲ್ಲಿ ತಲೆಯಲ್ಲಿ ಇರಲಿಲ್ಲ. ಪಟಾಕಿ ಹೊಲದ ಮೇಲೆ ಢಂ ಎಂದಿತು. ಇಡೀ ಹೊಲ ಎದ್ದಿತು. ಮಕಬೂಲಸಾಬ ತಿರುಗಿ ನನ್ನನ್ನು ನೋಡಿದ. ಅವನ ಬಾಯಿ ತೆರೆಯಿತು, ಏನು ಕೂಗಿದನೋ ಕೇಳಿಸಲಿಲ್ಲ, ವಿಮಾನ ನಮ್ಮ ಮೇಲೆಯೇ ಇತ್ತು. ಎರಡು ಸದ್ದು ಬಂದವು, ಧಪ್, ಧಪ್. ಆಮೇಲೆ ಒಂದು ಎಂಜಿನ್ನಿನ ದನಿ ಬದಲಾಯಿತು, ಕಬ್ಬಿಣದ ಬಾಗಿಲು ಎಳೆದಂತೆ. ಹಿಂದೆ ಒಂದಿಷ್ಟು ಹೊಗೆ. ಬಿಳಿ ಗರಿಗಳು ನನ್ನ ತಲೆಯ ಮೇಲೆ, ಜೀಪಿನ ಮೇಲೆ ನಿಧಾನಕ್ಕೆ ಬಿದ್ದವು.

ವಿಮಾನ ಇಳಿಯಿತು. ಯಾರಿಗೂ ಏನೂ ಆಗಲಿಲ್ಲ. ನೂರೆಂಬತ್ತು ಮಂದಿ ಮೆಟ್ಟಿಲಿಳಿದು ಬಂದರು, ಕೆಲವರು ನಗುತ್ತಿದ್ದರು, ಒಬ್ಬ ಅಜ್ಜಿ "ಎಷ್ಟ ಜೋರ ಕುಕ್ಕಿದ್ನವ್ವಾ ಡ್ರೈವರ" ಎಂದು ಸೊಂಟ ಹಿಡಿದುಕೊಂಡಳು. ಎಂಜಿನ್ನಿನ ಬಾಯಲ್ಲಿ ಬಾಗಿದ ಪಂಖದ ಅಲಗುಗಳನ್ನು, ರಕ್ತವನ್ನು ಅವರು ನೋಡಲಿಲ್ಲ. ನಾನು ನೋಡಿದೆ.

ಎರಡು ದಿನದ ಮೇಲೆ ಗುತ್ತಿಗೆ ಕಂಪನಿಯ ಆಫೀಸಿನಲ್ಲಿ ವಿಚಾರಣೆ. ಅತುಲ ಕೇಳುವವನು, ಮಕಬೂಲಸಾಬ ಹೇಳುವವನು, ಬರೆದುಕೊಳ್ಳಲು ಎರವಲು ಕರೆದ ಗುಮಾಸ್ತ ಯಾರು? ನಾನೇ. ಪಟಾಕಿ ಹಾರಿಸಿದ್ದು ಯಾರು ಎಂದು ನಿಲ್ದಾಣದವರು ಯಾರೂ ಕಂಡಿರಲಿಲ್ಲ. ಪಿಸ್ತೂಲು ಮಕಬೂಲಸಾಬನ ಹೆಸರಿನದು, ಪಾಳಿ ಅವನದು.

"ಯಾರು ಹಾರಿಸಿದ್ರು?" ಎಂದ ಅತುಲ.

ನನ್ನ ಪೆನ್ನು ನಿಂತಿತು. ಮಕಬೂಲಸಾಬ ನನ್ನ ಕಡೆ ನೋಡಲಿಲ್ಲ.

"ನಾನ ಹಾರಸೇನ್ರಿ."

"ಹಕ್ಕಿ ಎಲ್ಲಿದ್ದವು?"

"ಕೂತಿದ್ವು. ಗೋಡಿ ಆಚಿ. ಸುಮ್ಮನ ಕೂತಿದ್ವು ಸಾಹೇಬ್ರ, ಚಕ್ರ ಕಂಡಿದ್ವು. ಅವಾಗ ಹಾರಿಸಬಾರದಿತ್ತು. ಹಾರಸದಿದ್ರ ಏನೂ ಆಗ್ತಿರಲಿಲ್ಲ. ಇದನ್ನ ದಯಮಾಡಿ ಬರಕೋರಿ. ಚಕ್ರ ಕಂಡ ಮ್ಯಾಲ ಸದ್ದ ಮಾಡಬಾರದು."

ಅತುಲ ಬಿಡಲಿಲ್ಲ. "ಹನ್ನೊಂದು ವರ್ಷದ ಅನುಭವ ನಿಮಗ. ಹಾರಿಸಬಾರದು ಅಂತ ಗೊತ್ತಿತ್ತು ಅಂತೀರಿ. ಮತ್ಯಾಕ ಹಾರಿಸಿದ್ರಿ?"

ಮಕಬೂಲಸಾಬ ಏನೆಂದು ಹೇಳಿಯಾನು? ಹಾರಿಸಿದವನು ಅವನಲ್ಲ. ಅವನು ಟವೆಲಿನಿಂದ ಮುಖ ಒರೆಸಿಕೊಂಡ. ನಾನು ಆಗ ಬಾಯಿ ಬಿಡಬೇಕಿತ್ತು. ಒಂದೇ ವಾಕ್ಯ. ಬಿಡಲಿಲ್ಲ, ಹೆದರಿಕೆ, ಶುದ್ಧ ಹೆದರಿಕೆ. ಅತುಲ ನಿಟ್ಟುಸಿರು ಬಿಟ್ಟು ನನಗೆ ಹೇಳಿದ, ನಾನು ಬರೆದೆ: ಸದ್ದು ತಡವಾಗಿ ಮತ್ತು ಕಡಿಮೆ ಮಾಡಲಾಗಿದೆ. ಸಿಬ್ಬಂದಿಯ ನಿರ್ಲಕ್ಷ್ಯ. ನಿರಂತರ ಸದ್ದಿನ ವ್ಯವಸ್ಥೆ ಆಗಬೇಕು.

ಆ ಮೂರು ಸಾಲು ನನ್ನ ಕೈಬರಹದಲ್ಲೇ ಇವೆ. ಮಕಬೂಲಸಾಬ ಅಂದೇ ಖಾಕಿ ಅಂಗಿ ಮಡಚಿ ಕೊಟ್ಟು ಹೋದ.

ಒಂದು ವರ್ಷ ನಾನು ಹಳೇ ಹುಬ್ಬಳ್ಳಿಯ ಕಡೆ ತಲೆ ಹಾಕಲಿಲ್ಲ. ಸಂಖ್ಯೆ ಏರುತ್ತಲೇ ಇತ್ತು. ಅವನ ಜಾಗಕ್ಕೆ ಮನುಷ್ಯನನ್ನು ಹಾಕಲಿಲ್ಲ. ಗ್ಯಾಸಿನ ಯಂತ್ರ ತಂದರು, ನಾಲ್ಕು ನಿಮಿಷಕ್ಕೊಮ್ಮೆ ತನ್ನಷ್ಟಕ್ಕೆ ತೋಪಿನ ಹಾಗೆ ಢಂ ಎನ್ನುತ್ತದೆ. ವಿಮಾನ ದೂರವಿದೆಯೋ ತಲೆಯ ಮೇಲಿದೆಯೋ ಅದಕ್ಕೇನು ಗೊತ್ತು? ಮೊದಲ ಕೆಲವು ದಿನ ಪ್ರಯಾಣಿಕರು ಬೆಚ್ಚಿದರು. ಈಗ ಯಾರೂ ಬೆಚ್ಚುವುದಿಲ್ಲ, ಹದ್ದುಗಳೂ. ನಾನೊಬ್ಬ ಬೆಚ್ಚುತ್ತೇನೆ.

ಮೊನ್ನೆ ಮನಸ್ಸು ತಡೆಯದೆ ಅವನ ಮನೆಗೆ ಹೋದೆ. ಓಣಿಯ ಒಳಗೆ ಸಣ್ಣ ಮನೆ. ಮಾಬೂಬಿ ಬಾಗಿಲು ತೆರೆದಳು, ನನ್ನನ್ನು ನೋಡಿ ಒಳಗೆ ಹೋದಳು. ಮಕಬೂಲಸಾಬ ಕಟ್ಟೆಯ ಮೇಲೆ ಕೂತಿದ್ದ. ಗಡ್ಡಕ್ಕೆ ಮೆಹಂದಿ ಇರಲಿಲ್ಲ, ಪೂರ್ತಿ ಬಿಳುಪು.

"ಬರ್ರಿ ಸಾಹೇಬ್ರ. ಕುಂಡ್ರಿ" ಎಂದ.

ನಾನು ಅವನ ಕಾಲು ಹಿಡಿದೆ. ಅವನು ಕಾಲು ಎಳೆದುಕೊಂಡ.

"ಏ, ಬಿಡ್ರಿ, ಏನ ಇದು! ನಾನ ಹಾರಸೇನಿ ಅಂತ ಯಾಕ ಹೇಳಿದೆ ಗೊತ್ತೈತೇನು? ನೀವು ಹಾರಿಸಿದ್ರಿ ಅಂದ್ರ, ನೀ ಎಲ್ಲಿದ್ದಿ ಅಂತ ಕೇಳ್ತಿದ್ರು. ಹೊಲದಾಗ ಅಂದ್ರ, ಯಾಕ ಅಂತಿದ್ರು. ಕೇಸ ಹೋಗಿ ಶರಣವ್ವನ ಕೊಳ್ಳಿಗೆ ಬೀಳ್ತಿತ್ತು. ನಿಮ್ಮ ಸಲುವಾಗಿ ಹೇಳಲಿಲ್ಲ ನಾ."

"ನಿಮ್ಮ ನೌಕರಿ ಹೋತು ಕಾಕಾ. ಹೆಸರ ಹೋತು."

"ಹೋತು. ಹನ್ನೊಂದ ವರ್ಷದ ಹೆಸರು. ಅತ್ತೇನಿ ಅದಕ್ಕ, ಸುಳ್ಳ್ಯಾಕ ಹೇಳ್ಲಿ." ಅವನ ದನಿ ಏರಿತು. "ಆದ್ರ ಅದಲ್ಲರಿ. ನಾ ವಿಚಾರಣ್ಯಾಗ ಸದ್ದ ಮಾಡಬಾರದಂತ ಖರೇ ಮಾತು ಹೇಳಿದೆ, ಒಬ್ರೂ ನಂಬಲಿಲ್ಲ. ಯಾಕ ಅಂದ್ರ, ಗೊತ್ತಿದ್ದಾಂವ ಹಾರಸೂದಿಲ್ಲ ಅಂದ್ರು. ಬರೋಬ್ಬರಿ ಅಂದ್ರು! ಗೊತ್ತಿದ್ದಾಂವ ಹಾರಸೂದಿಲ್ಲ. ನನ್ನ ಸುಳ್ಳಿನಿಂದ ನನ್ನ ಖರೇನೂ ಹಾಳಾತು. ಈಗ ಅಲ್ಲೆ ಯಂತ್ರ ಇಟ್ಟಾರಂತಲ್ಲ, ಚಕ್ರ ಕಂಡ್ರೂ ಹೊಡೀತೈತಂತ. ಅದನ್ನ ಯಾರು ಇಟ್ಟದ್ದು? ನಾನು, ನೀವು, ಇಬ್ರೂ ಕೂಡಿ ಇಟ್ಟೇವಿ."

"ಕುಬೇರಪ್ಪ ಗೌಡ್ರು ಬಂದಿದ್ರು" ಎಂದ ತುಸು ತಣ್ಣಗಾಗಿ. "ಎಲ್ಲಾ ಹೇಳಿಬಿಡು ಮಕಬೂಲ, ನಮ್ಮ ಹೆಸರ ಬಂದ್ರ ಬರ್ಲಿ, ಕೇಸ ಆದ್ರ ಆಗ್ಲಿ ಅಂದ್ರು. ನಾ ಹೇಳಿದ್ರ ಕೇಳೋರ ಯಾರು? ನೌಕರಿ ಕಳಕೊಂಡ ಮುದುಕ ಬಡಬಡಸ್ತಾನ ಅಂತಾರ. ನೀವು ಬರದು ಕೊಡಬೇಕ್ರಿ. ನಾನು ಹಾರಿಸಿದೆ, ಹಕ್ಕಿ ಕೂತಿದ್ವು, ನಾನ ಎಬ್ಬಿಸಿದೆ ಅಂತ ನಿಮ್ಮ ಕೈಲೆ ಬರದು ಕೊಡ್ರಿ. ಯಂತ್ರ ತಗಸ್ರಿ. ನನಗ ನೌಕರಿ ಬ್ಯಾಡ, ಏನೂ ಬ್ಯಾಡ. ಅಮಾಸಿ ಬರೂದ್ರಾಗ ಕೊಡ್ರಿ. ಗೌಡ್ರು ಚರಗ ಬಿಡೂದಿಲ್ಲ, ಈ ಸರ್ತಿ ಅವರಿಗೆ ಹೊತ್ತು ಹೇಳೋರೂ ಇಲ್ಲ."

"ಕೊಡ್ತೀನಿ ಕಾಕಾ" ಎಂದೆ. "ಆಣಿ ಮಾಡಿ ಹೇಳ್ತೀನಿ, ಕೊಡ್ತೀನಿ."

ಅವನು ಒಳಗೆ ಕೂಗಿ ನನಗೆ ಚಹಾ ಹೇಳಿದ.

ಮನೆಗೆ ಬಂದು ಪತ್ರ ಬರೆದೆ. ಒಂದೂವರೆ ಪುಟ. ಚೆನ್ನಾಗಿಯೇ ಬರೆದಿದ್ದೇನೆ. ಮೂರು ದಿನದಿಂದ ಅಂಗಿಯ ಜೇಬಿನಲ್ಲಿದೆ. ಮೊದಲ ದಿನ ಅತುಲ ಸಿಗಲಿಲ್ಲ. ಎರಡನೇ ದಿನ ಸಿಕ್ಕ, ಅವನ ಜೊತೆ ಬೇರೆಯವರಿದ್ದರು. ಇಂದು ಅವನೊಬ್ಬನೇ ಇದ್ದ. ಬಾಗಿಲ ತನಕ ಹೋಗಿ ನಿಂತೆ. ಏನ್ರಿ ಶಿವಯೋಗಿ ಎಂದ. ಈ ತಿಂಗಳೂ ದಾಖಲೆ ಮುರಿಯುತ್ತದೆ ಎಂದು ಹೇಳಿ ಬಂದೆ. ಅವನು ಎದ್ದು ಬಂದು ಕೈ ಕುಲುಕಿದ.

ನಾಳೆ ಎಳ್ಳಮಾವಾಸ್ಯೆ. ಸಂಜೆ ಮನೆಗೆ ಬರುವಾಗ ಗೌಡರ ಮನೆಯ ಮುಂದೆ ಹಾದು ಬಂದೆ, ಅಂಗಳದಲ್ಲಿ ಹೆಣ್ಣುಮಕ್ಕಳು ರೊಟ್ಟಿ ಬಡಿಯುತ್ತಿದ್ದರು. ನಾಳೆ ಹನ್ನೆರಡರಿಂದ ಎರಡರ ನಡುವೆ ಮೂರು ವಿಮಾನ ಇಳಿಯುತ್ತವೆ, ಮೂರೂ ತುಂಬಿವೆ, ಐನೂರ ಮೂವತ್ತೆಂಟು ಮಂದಿ. ಪತ್ರ ಇನ್ನೂ ನನ್ನ ಜೇಬಿನಲ್ಲೇ ಇದೆ.